ಮದುಮಗಳ ಮೊಡವೆ

ಅತ್ಬರಾ
4 ಸೆಪ್ಟೆಂಬರ್ 1997

ಮಗಳು ಇಖ್ಲಾಸಳಿಗೆ,

ಸಲಾಂ. ನೀನು ಬಸ್ಸು ಹತ್ತಿದ ಮೇಲೆ ಈ ಮನೆಯಲ್ಲಿ ಉಳಿದದ್ದು ನಾನು, ಮೇಕೆ, ಮತ್ತೆ ನಿಮ್ಮಮ್ಮನ ಗೋಡೆ ಗಡಿಯಾರ. ಮೂವರಲ್ಲಿ ಹೊತ್ತಿಗೆ ಸರಿಯಾಗಿ ಕೂಗುವುದು ಮೇಕೆಯೊಂದೇ. ಸಿತ್ತನಾ ದೊಡ್ಡಮ್ಮ ಬಸ್ ನಿಲ್ದಾಣಕ್ಕೆ ಬಂದು ನಿನ್ನನ್ನು ಕರೆದುಕೊಂಡು ಹೋದರೆಂದು ಡ್ರೈವರ್ ಹೇಳಿದ. ಅವರು ನಿಮ್ಮಮ್ಮನ ಅಕ್ಕ. ಉಮ್ದುರ್ಮಾನಿನಲ್ಲಿ ಹನ್ನೊಂದು ಮದುಮಕ್ಕಳನ್ನು ಮದುವೆಗೆ ತಯಾರು ಮಾಡಿದ ಕೈ. ಅವರು ಹೇಳಿದಂತೆ ಕೇಳು.

ನಿನ್ನನ್ನು ಕಳಿಸಿದ್ದು ಊರು ನೋಡಲಿ ಎಂದಲ್ಲ. ಡಿಸೆಂಬರ್ ಇಪ್ಪತ್ತೈದು, ಗುರುವಾರ ಮದುವೆ. ಅಂದು ಇನ್ನೂರು ಹೆಂಗಸರ ನಡುವೆ ಮೇಲುಹೊದಿಕೆ ತೆಗೆದು ನೀನು ಮದುಮಗಳ ಕುಣಿತ ಕುಣಿಯಬೇಕು. ಅಲ್ಲಿ ಮುಚ್ಚಿಡಲು ಏನೂ ಉಳಿಯುವುದಿಲ್ಲ. ಗಂಡಸರಿಗೆ ಅದು ಕಾಣುವುದಿಲ್ಲ, ನಿಜ. ಆದರೆ ಇಪ್ಪತ್ತು ವರ್ಷ ಅದರ ವರದಿ ಕೇಳುತ್ತಿರಬೇಕಾಗುತ್ತದೆ. ನಿಶ್ಚಿತಾರ್ಥದ ದಿನ ಮುತಾಸಿಮನ ತಾಯಿ ಹಾಜ್ಜಾ ಬಖೀತಾ ನಿನ್ನ ಮಣಿಕಟ್ಟನ್ನು ಎರಡು ಬೆರಳಲ್ಲಿ ಸುತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ, "ಏನಪ್ಪಾ ತಾಜುಲ್ಸಿರ್, ಊರಿನ ದನಕ್ಕೆಲ್ಲ ಔಷಧಿ ಹಾಕ್ದೆ. ಮನೇ ಕರುಗೆ ಮೇವು ಹಾಕೋದು ಮರ್ತ್ಯಾ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನನ್ನ ಹಲ್ಲಿನ ಸಂದಿಯಲ್ಲಿ ಇನ್ನೂ ಸಿಕ್ಕಿಕೊಂಡಿದೆ.

ಮೂವತ್ತೊಂದು ವರ್ಷ ಪಶು ಇಲಾಖೆಯಲ್ಲಿದ್ದವನು ನಾನು. ತೂಕ ಏರಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲೇಜಿನಲ್ಲಿ ಇದಕ್ಕೆ ಬ್ಯಾಲೆನ್ಸ್ಡ್ ರೇಶನ್ ಅನ್ನುತ್ತಿದ್ದರು. ಬೆಳಿಗ್ಗೆ ಎದ್ದೊಡನೆ ಒಂದು ಹೂಜಿ ಹಾಲು, ಹದಿನೈದು ಖರ್ಜೂರ. ಹತ್ತಕ್ಕೆ ತುಪ್ಪ ಹಾಕಿದ ಜೋಳದ ಮುದ್ದೆ. ಮಧ್ಯಾಹ್ನ ಊಟದ ಜೊತೆ ಅರೆದ ಕಡಲೆಕಾಯಿ. ಸಂಜೆ ಮೆಂತ್ಯದ ಗಂಜಿ, ಸಕ್ಕರೆ ಧಾರಾಳವಾಗಿ. ಮಲಗುವ ಮುಂಚೆ ಮತ್ತೆ ಹಾಲು. ನಿನ್ನ ತೂಕ ಈಗ ನಲವತ್ತಾರು. ನನಗೆ ಬೇಕಾದ್ದು ಅರವತ್ತೈದು. ಬೀದಿ ಕೊನೆಯ ಔಷಧಿ ಅಂಗಡಿಯಲ್ಲಿ ತೂಕದ ಯಂತ್ರ ಇದೆಯಂತೆ. ಪ್ರತಿ ಪತ್ರದ ತಲೆಯಲ್ಲಿ ಮೊದಲು ತೂಕ, ಆಮೇಲೆ ಕ್ಷೇಮ ಸಮಾಚಾರ.

ನಿಮ್ಮಮ್ಮ ಅಮೂನಾ ಬಾಗಿಲಲ್ಲಿ ಬಂದರೆ ದೋಣಿ ದಡಕ್ಕೆ ಬಂದ ಹಾಗೆ ಇರುತ್ತಿತ್ತು. ನೀನು ನನ್ನ ಮೈಕಟ್ಟು ಹೊತ್ತು ಹುಟ್ಟಿದೆ, ಅದು ನಿನ್ನ ದುರದೃಷ್ಟ. ತಿಂದು ಸರಿಮಾಡಿಕೋ.

ನಿನ್ನ ಅಪ್ಪ,
ತಾಜುಲ್ಸಿರ್


ಉಮ್ದುರ್ಮಾನ್
21 ಸೆಪ್ಟೆಂಬರ್ 1997
ತೂಕ: 47

ಅಪ್ಪನಿಗೆ ಸಲಾಂ.

ಒಂದೇ ಕೆ.ಜಿ. ಎಂದು ಹುಬ್ಬು ಗಂಟು ಹಾಕಬೇಡಿ. ಅದರಲ್ಲೂ ಅರ್ಧ ದೊಡ್ಡಮ್ಮನ ಬೈಗುಳದ ತೂಕ. ಹಾಲಿನ ಹೂಜಿ ಹಿಡಿದು ಅವರು ನನ್ನೆದುರು ಕೂರುತ್ತಾರೆ, ಮುಗಿಯುವವರೆಗೆ ಏಳುವುದಿಲ್ಲ. ಮೊನ್ನೆ ಎಲ್ಲ ವಾಂತಿಯಾಯಿತು. ಅವರು ಹೋಗಿ ಇನ್ನೊಂದು ಹೂಜಿ ತಂದರು.

ಕಿಟಕಿ ಮುಚ್ಚಿದ ಕೋಣೆ. ಬಿಸಿಲು ತಾಗಬಾರದು. ಸಂಜೆ ಗಂಧದ ಕಟ್ಟಿಗೆ ಹೊಗೆಯಾಡುವ ಕುಳಿಯ ಮೇಲೆ ಕಂಬಳಿ ಹೊದಿಸಿ ಕೂರಿಸುತ್ತಾರೆ. ಎದ್ದಾಗ ನನ್ನ ಮೈ ನಮ್ಮ ಅಡುಗೆಮನೆಯ ಸೂರಿನ ಹಾಗೆ ನಾರುತ್ತದೆ. ಇದು ಸುವಾಸನೆ ಎಂದು ದೊಡ್ಡಮ್ಮ ಹೇಳುತ್ತಾರೆ. ವಾರಕ್ಕೊಮ್ಮೆ ಮುಸುಕು ಹಾಕಿಕೊಂಡು ತೂಕಕ್ಕೆ ಹೋಗುವುದೇ ನನ್ನ ಹಬ್ಬ. ಔಷಧಿ ಅಂಗಡಿಯ ಹಸನೈನ್ ಎಂಬವರು ಮುಳ್ಳು ನೋಡಿ ಅಂಕಿ ಹೇಳುತ್ತಾರೆ, ಮುಖ ನೋಡುವುದಿಲ್ಲ. ಸಭ್ಯರು.

ಸೌದಿಯ ದಮ್ಮಾಮಿನಿಂದ ಮುತಾಸಿಮರ ಪತ್ರ ಬಂತು. "ಹೇಗಿದ್ದೀಯೋ ಹಾಗೇ ಬಾ" ಎಂದು ಬರೆದಿದ್ದಾರೆ. ಆ ಸಾಲನ್ನು ನಿಮಗೆ ತೋರಿಸಬೇಕೆಂದು ಇಲ್ಲಿ ಎತ್ತಿ ಬರೆದಿದ್ದೇನೆ.

ಗಲ್ಲದ ಮೇಲೆ ಮೂರು ಮೊಡವೆ ಎದ್ದಿವೆ. ಸಣ್ಣವು.

ನಿಮ್ಮ ಮಗಳು,
ಇಖ್ಲಾಸ್


ಅತ್ಬರಾ
2 ಅಕ್ಟೋಬರ್ 1997

ಇಖ್ಲಾಸ್,

ನಲವತ್ತೇಳು. ನಾಚಿಕೆಯಾಗಬೇಕು. ಹದಿನೇಳು ದಿನಕ್ಕೆ ಒಂದು ಕೆ.ಜಿ. ಏರುವ ಹಸುವನ್ನು ನಮ್ಮ ಇಲಾಖೆಯಲ್ಲಿ ಕಟುಕರಿಗೆ ಕೊಡುತ್ತಿದ್ದರು. ಮುತಾಸಿಮ್ ಬರೆದ ಸಾಲು ಓದಿದೆ. ಮದುವೆಗೆ ಮುಂಚೆ ಗಂಡಸರು ಬರೆಯುವುದೇ ಹಾಗೆ; ನಾನೂ ಬರೆದಿದ್ದೆ. ಮದುವೆಯಾಗುವುದು ಅವನನ್ನು, ಬಾಳಬೇಕಾದ್ದು ಹಾಜ್ಜಾ ಬಖೀತಾಳ ನಾಲಿಗೆಯ ಕೆಳಗೆ. ಮುಂದಿನ ಪತ್ರದಲ್ಲಿ ಐವತ್ತೆರಡು ಕಾಣದಿದ್ದರೆ ನಾನೇ ಬಂದು ಹೂಜಿ ಹಿಡಿಯುತ್ತೇನೆ.

ಮೊಡವೆಯ ವಿಷಯ. ಇದನ್ನು ನಾವು ಓದಿದ್ದೆವು. ಚರ್ಮದ ಕೆಳಗೆ ಎಣ್ಣೆಯ ಗ್ಲ್ಯಾಂಡು ಇರುತ್ತದೆ, ಇಂಗ್ಲಿಷಿನಲ್ಲಿ ಅದಕ್ಕೊಂದು ಉದ್ದ ಹೆಸರು, ಸೆಬ ಎಂದು ಶುರುವಾಗುತ್ತದೆ, ಮಿಕ್ಕದ್ದು ಮರೆತಿದೆ. ಹಾರ್ಮೋನ್ ಹೆಚ್ಚಾದರೆ ಎಣ್ಣೆ ಹೆಚ್ಚು, ಎಣ್ಣೆ ಹೆಚ್ಚಾದರೆ ಬಾಯಿ ಕಟ್ಟುತ್ತದೆ, ಕಟ್ಟಿದರೆ ಕೀವು. ಸಿಹಿ ತಿಂದರೆ ಅದಕ್ಕೆ ಇನ್ನಷ್ಟು ಕುಮ್ಮಕ್ಕು. ಗಬ್ಬದ ಹಸುವಿನ ಹಾಲಿನಲ್ಲೂ ಹಾರ್ಮೋನ್ ಇಳಿಯುತ್ತದೆ. ಆದ್ದರಿಂದ ಖರ್ಜೂರ ಇವತ್ತಿನಿಂದಲೇ ಬಂದ್. ಸಕ್ಕರೆ ಬಂದ್. ಹಾಲು ಸದ್ಯಕ್ಕೆ ಇರಲಿ, ತೂಕಕ್ಕೆ ಬೇಕು.

ಈ ಹಾರ್ಮೋನಿನ ಪಾಠ ನೆನೆದರೆ ನನಗೆ ಒಂದು ಕೆಂಪು ಹಸು ನೆನಪಾಗುತ್ತದೆ. ಮೊಣಕಾಲು ಊದಿಕೊಂಡಿತ್ತು. ಕಾಲೇಜಿನ ಹಟ್ಟಿಯಲ್ಲಿ ಪ್ರೊಫೆಸರು ಅದಕ್ಕೆ ಕಾರ್ಟಿಸೋನ್ ಚುಚ್ಚುತ್ತ, ಅದರಿಂದ ಏನೇನಾಗುತ್ತದೆ ಎಂದು ಹೇಳುತ್ತಿದ್ದರು. ನಾವೆಲ್ಲ ನಿಂತು ಬರೆದುಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಬೇಲಿಯಾಚೆ ಹಳದಿ ತೋಬ್ ಹೊದ್ದ ಒಬ್ಬಳು ಹಾಲಿನ ಡಬ್ಬಿ ಹಿಡಿದು ಹೋದಳು. ಗಾಳಿಗೆ ಹೊದಿಕೆ ಜಾರಿತು. ಎತ್ತಿಕೊಳ್ಳಲು ಕೈ ಖಾಲಿ ಇರಲಿಲ್ಲ. ಹಲ್ಲಿನಲ್ಲಿ ಅಂಚು ಕಚ್ಚಿ ಹಿಡಿದಳು. ಪ್ರೊಫೆಸರು ಆಮೇಲೆ ಏನು ಹೇಳಿದರೋ ಯಾರಿಗೆ ಗೊತ್ತು. ನಾನು ಆ ಹಲ್ಲು ನೋಡುತ್ತಿದ್ದೆ. ಅವಳೇ ನಿಮ್ಮಮ್ಮ.

ತೂಕ ಏರಲಿ. ಮುಖ ತಿಳಿಯಾಗಲಿ. ಎರಡೂ ಬೇಕು.

ನಿನ್ನ ಅಪ್ಪ


ಉಮ್ದುರ್ಮಾನ್
25 ಅಕ್ಟೋಬರ್ 1997
ತೂಕ: 56

ಅಪ್ಪನಿಗೆ ಸಲಾಂ.

ಅಂಕಿ ನೋಡಿ ಮೇಕೆಗೂ ಹೇಳಿ. ಈಗ ನನಗೆ ಹಸಿವು ಹೇಗಾಗುತ್ತದೆಂದರೆ ಬೆಳಿಗ್ಗೆ ಎದ್ದು ದಿಂಬು ಅಗಿಯಬೇಕೆನಿಸುತ್ತದೆ. ಕೆನ್ನೆ ದುಂಡಗಾಗಿದೆ, ಬಳೆ ಏರುತ್ತಿಲ್ಲ. ದೊಡ್ಡಮ್ಮ ಬಂದವರಿಗೆಲ್ಲ ನನ್ನನ್ನು ಎಬ್ಬಿಸಿ, ತಿರುಗಿಸಿ ತೋರಿಸುತ್ತಾರೆ.

ಆದರೆ ಮೊಡವೆ ಮೂರಕ್ಕೆ ನಿಲ್ಲಲಿಲ್ಲ. ಖರ್ಜೂರ ಬಿಟ್ಟೆ, ಸಕ್ಕರೆ ಬಿಟ್ಟೆ, ಚಹಾ ಕಹಿ ಕುಡಿಯುತ್ತೇನೆ. ಹಣೆ, ಎದೆ, ಬೆನ್ನು, ತೋಳು, ಎಲ್ಲ ಕಡೆ ಒಂದೇ ಅಳತೆಯ ಕೆಂಪು ಗುಳ್ಳೆಗಳು. ಒರಗಿ ಕೂರಲಾಗುವುದಿಲ್ಲ. ಕನ್ನಡಿಯನ್ನು ದೊಡ್ಡಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ. ಬೆರಳಿನಿಂದ ಎಣಿಸುತ್ತೇನೆ. ಹಣೆಯಲ್ಲೇ ನಲವತ್ತೊಂದು.

ಅಪ್ಪ, ಮದುವೆಯನ್ನು ಸ್ವಲ್ಪ ಮುಂದೆ ಹಾಕಲಾಗುತ್ತದೆಯೇ?

ಇಖ್ಲಾಸ್


ಅತ್ಬರಾ
30 ಅಕ್ಟೋಬರ್ 1997

ಇಖ್ಲಾಸ್,

ಐವತ್ತಾರಕ್ಕೆ ಶಹಬ್ಬಾಸ್. ಪತ್ರ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.

ನೀನು ಕದ್ದು ತಿನ್ನುತ್ತಿದ್ದೀಯ. ಸಿಹಿ ಬಿಟ್ಟ ಮೇಲೆ ಗುಳ್ಳೆ ಹೆಚ್ಚಾಯಿತೆಂದರೆ ಬೇರೇನು ಅರ್ಥ? ಮನೆಯಲ್ಲೂ ಹಾಗೇ, ಏಳು ವರ್ಷದವಳಿದ್ದಾಗ ಹಲ್ವದ ಡಬ್ಬಿಗೆ ಕೈಹಾಕಿ, ಬೆಕ್ಕಿನ ಮೇಲೆ ಹೇಳಿದ್ದೆ. ಇನ್ನು ಹಾಲು ಬಂದ್, ಕಡಲೆಕಾಯಿ ಬಂದ್. ಮುದ್ದೆ, ಮಾಂಸ ಅಷ್ಟೇ. ಮದುವೆ ಮುಂದೆ ಹೋಗುವುದಿಲ್ಲ. ಮುಂದೆ ಹಾಕಲು ಹೇಳುವ ಕಾರಣವಾದರೂ ಏನು? ಮದುಮಗಳ ಮುಖ ಉಣ್ಣೆ ಕಚ್ಚಿದ ಕೆಚ್ಚಲಿನ ಹಾಗಿದೆ, ತಾಳಿ ಎಂದು ನಾನು ಹಾಜ್ಜಾ ಬಖೀತಾಳಿಗೆ ಬರೆಯಲೇ?

ಬರೆದದ್ದು ಒರಟಾಯಿತು. ಹೊಡೆದು ಹಾಕೋಣವೆಂದುಕೊಂಡೆ, ಹಾಗೇ ಇರಲಿ, ನಿನಗೆ ತಾಗಬೇಕು.

ನಿನ್ನ ಅಪ್ಪ


ಉಮ್ದುರ್ಮಾನ್
16 ನವೆಂಬರ್ 1997

ತಾಜುಲ್ಸಿರನಿಗೆ ಸಿತ್ತನಾಳ ಸಲಾಂ.

ಶುಕ್ರವಾರ ಹಾಜ್ಜಾ ಬಖೀತಾ ಹೇಳದೆ ಕೇಳದೆ ಬಂದಳು. ನಾನು ಹುಡುಗಿಗೆ ಜ್ವರ ಎಂದೆ. "ಜ್ವರ ಬಂದ ಮುಖಾನೂ ನಮ್ದೇ ಅಲ್ವಾ" ಎಂದು ಸೀದಾ ಒಳಗೆ ಹೋಗಿ ಮುಸುಕು ಎತ್ತಿದಳು. ನೋಡಿದಳು. ಕತ್ತಿನ ಬಟ್ಟೆ ಇಳಿಸಿ ಎದೆಯನ್ನೂ ನೋಡಿದಳು. ಆಮೇಲೆ ಕೈಯನ್ನು ತನ್ನ ಸೆರಗಿಗೆ ಒರೆಸಿಕೊಂಡು, "ಮೈಯೇನೋ ನಮ್ಮನೆ ಸೊಸೇದು. ಮುಖ ಯಾರ ಮನೇದು ತಂದಿಟ್ರಿ?" ಎಂದಳು. ಚಹಾ ಮುಟ್ಟಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ಡಿಸೆಂಬರ್ ಹದಿನೆಂಟರವರೆಗೆ ಕಾಯುವುದಾಗಿಯೂ, ಆಗಲೂ ಹೀಗೇ ಇದ್ದರೆ ಮಗನಿಗೆ ದಮ್ಮಾಮಿನಿಂದ ಬರಬೇಡವೆಂದು ತಂತಿ ಕೊಡುವುದಾಗಿಯೂ ಹೇಳಿದಳು. ಇಖ್ಲಾಸ್ ಗೋಡೆಯ ಕಡೆ ತಿರುಗಿ ಕೂತವಳು ಸಂಜೆಯವರೆಗೆ ತಿರುಗಲಿಲ್ಲ.

ಒಂದು ಮಾತು ಮುಚ್ಚಿಟ್ಟಿದ್ದೆ. ನಿನ್ನ ಎರಡನೆಯ ಪತ್ರ ಬಂದ ಮೇಲೆ ಹುಡುಗಿ ಅತ್ತಳು; ಐವತ್ತೆರಡು ಎಲ್ಲಿಂದ ತರಲಿ ದೊಡ್ಡಮ್ಮ ಎಂದಳು. ನಾನು ಸಂತೆಯಲ್ಲಿ ಸುಗಂಧ ಮಾರುವವಳ ಹತ್ತಿರ ಗುಳಿಗೆ ತಂದೆ. ಕಾಗದದಲ್ಲಿ ಕಟ್ಟಿ ಕೊಡುತ್ತಾಳೆ, ಹೆಂಗಸರು ಅದಕ್ಕೆ "ಅತ್ತೆ ಬೆಚ್ಚಿದಳು" ಅನ್ನುತ್ತಾರೆ. ಹೊತ್ತಿಗೆ ಎರಡರಂತೆ ಮೂರು ಹೊತ್ತು. ಹಸಿವು ಬಂದದ್ದು ಅದರಿಂದ. ಮೊಡವೆಯೂ ಅದರಿಂದಲೇ ಇರಬೇಕು. ನಿನ್ನ ಖರ್ಜೂರದ್ದಲ್ಲ, ಹುಡುಗಿಯ ಕಳ್ಳತನದ್ದೂ ಅಲ್ಲ. ಅವಳನ್ನು ಬೈದು ಬರೆಯಬೇಡ. ಬೈಯುವುದಿದ್ದರೆ ನನ್ನನ್ನು ಬೈ.

ಸಿತ್ತನಾ


ಅತ್ಬರಾ
20 ನವೆಂಬರ್ 1997

ಅತ್ತಿಗೆಗೂ ಇಖ್ಲಾಸಳಿಗೂ, ಇಬ್ಬರಿಗೂ ಒಂದೇ ಪತ್ರ,

ಅಂದರೆ ಕಾರ್ಟಿಸೋನ್. ಕೆಂಪು ಹಸುವಿಗೆ ಚುಚ್ಚಿದ ವಸ್ತುವನ್ನು ನನ್ನ ಮಗಳಿಗೆ ಮೂರು ಹೊತ್ತು ನುಂಗಿಸಿದ್ದೀರಿ, ಅದೂ ಪಶುವೈದ್ಯನ ಮಗಳಿಗೆ. ಊರಿಗೆ ಗೊತ್ತಾದರೆ ನಾನು ಮೀನಿನಂಗಡಿಯ ಮುಂದೆ ಹಾದುಹೋಗುವಂತಿಲ್ಲ. ತೂಕ ನೋಡಿ ನಾನು ಶಹಬ್ಬಾಸ್ ಬೇರೆ ಅಂದೆ. ಅತ್ತಿಗೆ, ನಿಮ್ಮನ್ನು ಬೈಯಲು ಅಮೂನಾಳ ಮುಖ ಅಡ್ಡ ಬರುತ್ತದೆ. ಇಖ್ಲಾಸ್, ನಿನಗೆ ಆ ರಕ್ಷಣೆ ಇಲ್ಲ. ಮೋಸದ ಕೆ.ಜಿ.ಗಳನ್ನು ಪತ್ರದ ತಲೆಯ ಮೇಲೆ ಬರೆದು ಅಪ್ಪನನ್ನು ಕುಣಿಸಿದೆ.

ಈ ಪತ್ರ ಸೇರಿದ ದಿನವೇ ಉಳಿದ ಗುಳಿಗೆಗಳನ್ನೆಲ್ಲ ನೈಲ್ ನದಿಗೆ ಹಾಕಿ. ಒಂದೂ ಉಳಿಯಬಾರದು. ಬೇರು ಕಿತ್ತರೆ ಗುಳ್ಳೆ ತಾನೇ ಒಣಗುತ್ತದೆ. ಹದಿನೆಂಟಕ್ಕೆ ಮುಖ ತಿಳಿಯಾಗಿರಬೇಕು.

ತಾಜುಲ್ಸಿರ್


ಉಮ್ದುರ್ಮಾನ್
26 ನವೆಂಬರ್ 1997
ತೂಕ: 63

ಅಪ್ಪನಿಗೆ ಸಲಾಂ.

ಇದು ಮೋಸದ್ದೇ ಅಂಕಿ. ನೀವು ಕೇಳಿದ್ದೀರೆಂದು ಬರೆದೆ.

ಗುಳಿಗೆಯನ್ನು ನದಿಗೆ ಹಾಕುವ ಮುಂಚೆ ಒಂದನ್ನು ಹಸನೈನ್ ಅವರಿಗೆ ತೋರಿಸಿದೆ. ಮೊದಲ ಸಲ ಮುಖ ನೋಡಬಹುದೇ ಎಂದು ಕೇಳಿದರು. ಮುಸುಕು ಸರಿಸಿದೆ. ಮೊಡವೆ ಸಿಹಿಯಿಂದಲೂ ಹಾಲಿನಿಂದಲೂ ಏಳುವುದುಂಟಂತೆ. ಆದರೆ ಅವು ಹಿರಿದು ಕಿರಿದು ಬೆರೆತಿರುತ್ತವಂತೆ. ಒಂದೇ ದಿನ ಹುಟ್ಟಿದ ಮರಿಗಳ ಹಾಗೆ ಎಲ್ಲ ಒಂದೇ ಅಳತೆಯಲ್ಲಿ ಎದೆ ಬೆನ್ನಿಗೆಲ್ಲ ಹರಡಿದ್ದರೆ ಅದು ಈ ಗುಳಿಗೆಯದೇ ಎಂದರು. ಆಮೇಲೆ ಒಂದು ಮಾತು ಹೇಳಿದರು. ಅವರು ಹೇಳಿದ ಹಾಗೇ ಬರೆಯುತ್ತೇನೆ: "ನೋಡಮ್ಮಾ, ಇದನ್ನ ನಿಲ್ಲಿಸ್ಲೇಬೇಕು. ಆದ್ರೆ ಒಂದೇ ಸಲ ನಿಲ್ಲಿಸ್ಬೇಡ. ನಿನ್ ಮೈ ತನ್ನ ಕೆಲಸ ಮರ್ತು ಕೂತಿದೆ. ಅದಕ್ಕೆ ನೆನಪಾಗೋಕೆ ಹೊತ್ತು ಕೊಡು."

ವಾರ ವಾರ ಎಷ್ಟು ಕಮ್ಮಿ ಮಾಡಬೇಕೆಂದು ಒಂದು ಚೀಟಿ ಬರೆದುಕೊಟ್ಟರು. ಅದನ್ನು ಇದರೊಳಗೆ ಇಟ್ಟಿದ್ದೇನೆ. ಹಾಗೆ ಮಾಡಿದರೆ ಜನವರಿ ಕೊನೆಯಾಗುತ್ತದೆ. ಒಂದು ತಿಂಗಳು ಅಷ್ಟೇ, ಅಪ್ಪ. ಮುತಾಸಿಮರಿಗೆ ನಾನೇ ಬರೆಯುತ್ತೇನೆ, ಅವರು ಕಾಯುತ್ತಾರೆ. ನೀವು ಹೂಂ ಎಂದರೆ ಸಾಕು. ನಿಮ್ಮ ಉತ್ತರ ಬರುವವರೆಗೆ ನದಿಗೆ ಹೋಗುವುದಿಲ್ಲ.

ಇಖ್ಲಾಸ್


ಅತ್ಬರಾ
30 ನವೆಂಬರ್ 1997

ಇಖ್ಲಾಸ್,

ಊಹೂಂ.

ತೂಕದ ಯಂತ್ರ ಇಟ್ಟುಕೊಂಡವನು ಮೂವತ್ತೊಂದು ವರ್ಷ ಇಲಾಖೆಯಲ್ಲಿದ್ದವನಿಗೆ ಪಾಠ ಹೇಳುತ್ತಾನೆಯೇ? ವಿಷ ಎಂದು ಗೊತ್ತಾದ ಮೇಲೆ ವಾರಕ್ಕಿಷ್ಟು ಎಂದು ಅಳೆದು ನುಂಗುವವರನ್ನು ನಾನು ಕಂಡಿಲ್ಲ. ಗುಳಿಗೆ ಮಾರುವವನು ಇನ್ನಷ್ಟು ದಿನ ನುಂಗು ಎನ್ನದೆ ಇನ್ನೇನಂದಾನು. ಪರಪುರುಷನೆದುರು ಮುಸುಕು ಸರಿಸಿದ್ದನ್ನು ಹೆಮ್ಮೆಯಿಂದ ಬರೆದಿದ್ದೀಯ, ಅದನ್ನು ಆಮೇಲೆ ಮಾತಾಡೋಣ.

ಅವನ ಚೀಟಿಯನ್ನು ಮಡಚಿ ಗೋಡೆ ಗಡಿಯಾರದ ಹಿಂದೆ ಒತ್ತು ಕೊಟ್ಟಿದ್ದೇನೆ. ಬಹಳ ದಿನದಿಂದ ಅಲ್ಲಾಡುತ್ತಿತ್ತು. ಈಗ ನೆಟ್ಟಗಿದೆ.

ಇವತ್ತೇ ನದಿಗೆ ಹಾಕು. ಹಾಕಿದ್ದೇನೆಂದು ದೊಡ್ಡಮ್ಮನ ಕೈಯಲ್ಲಿ ಸಹಿ ಹಾಕಿಸಿ ಕಳಿಸು.

ಅಪ್ಪ


ಉಮ್ದುರ್ಮಾನ್
12 ಡಿಸೆಂಬರ್ 1997
ತೂಕ: 58

ಅಪ್ಪನಿಗೆ ಸಲಾಂ.

ನಿಮ್ಮ ಪತ್ರ ಸೇರಿದ ದಿನವೇ, ಮೂರನೇ ತಾರೀಕು, ಎಲ್ಲವನ್ನೂ ನದಿಗೆ ಹಾಕಿದೆವು. ಕೆಳಗೆ ದೊಡ್ಡಮ್ಮನ ಸಹಿ ಇದೆ. ಪೊಟ್ಟಣ ಬಿಚ್ಚಿ ಸುರಿದಾಗ ಗುಳಿಗೆಗಳು ಸ್ವಲ್ಪ ಹೊತ್ತು ತೇಲಿದವು.

ನೀವು ಹೇಳಿದ್ದೇ ನಿಜವಾಯಿತು. ಮುಖ ಒಣಗುತ್ತಿದೆ. ಹಣೆಯಲ್ಲಿ ಹನ್ನೆರಡು ಉಳಿದಿವೆ. ದೊಡ್ಡಮ್ಮ ಕನ್ನಡಿ ವಾಪಸು ಕೊಟ್ಟಿದ್ದಾರೆ.

ಆದರೆ ಎದ್ದು ನಿಂತರೆ ಕಣ್ಣು ಕತ್ತಲಿಡುತ್ತದೆ. ಕುಣಿತ ಕಲಿಸಲು ಬರುವವಳು ಎರಡು ಸಲ ನನ್ನನ್ನು ನೆಲದಿಂದ ಎತ್ತಿದಳು. ತಿಂದದ್ದು ನಿಲ್ಲುತ್ತಿಲ್ಲ. ವಿಚಿತ್ರವೆಂದರೆ ಉಪ್ಪು ಬೇಕೆನಿಸುತ್ತದೆ. ದೊಡ್ಡಮ್ಮ ಇಲ್ಲದಾಗ ಡಬ್ಬಿಗೆ ಕೈಹಾಕಿ ಉಪ್ಪು ನೆಕ್ಕುತ್ತೇನೆ. ಈ ಕಳ್ಳತನವನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಬೆಕ್ಕಿನ ಮೇಲೆ ಹಾಕುವುದಿಲ್ಲ.

ನಿನ್ನೆಯಿಂದ ಸ್ವಲ್ಪ ಚಳಿಜ್ವರ. ಸೊಳ್ಳೆಯದಿರಬೇಕು. ಹಸನೈನ್ ಅವರಲ್ಲಿ ಹೋಗಿ ಕೇಳಲೇ?

ಇಖ್ಲಾಸ್

(ಹೌದು, ನದಿಗೆ ಹಾಕಿದೆವು. ಸಿತ್ತನಾ)


ಅತ್ಬರಾ
15 ಡಿಸೆಂಬರ್ 1997

ಪ್ರೀತಿಯ ಇಖ್ಲಾಸ್,

ನೋಡಿದೆಯಾ? ಹನ್ನೆರಡಕ್ಕೆ ಇಳಿಯಿತು. ಹಳೆಯ ಇಲಾಖೆಯವನ ಮಾತು. ಎರಡು ತಿಂಗಳಲ್ಲಿ ಮೊದಲ ಸಲ ಊಟ ರುಚಿಸಿತು.

ಉಪ್ಪು ಬೇಕೆನಿಸುವುದು ಒಳ್ಳೆಯ ಲಕ್ಷಣ. ಮೈ ಶುದ್ಧವಾಗುವಾಗ ದನಗಳೂ ಉಪ್ಪು ಕೇಳುತ್ತವೆ, ನಾವು ಹಟ್ಟಿಯಲ್ಲಿ ಉಪ್ಪಿನ ಗಡ್ಡೆ ನೇತುಹಾಕುತ್ತಿದ್ದೆವು. ತಲೆಸುತ್ತು ಮದುವೆ ಹತ್ತಿರ ಬಂದ ಹುಡುಗಿಯರಿಗೆಲ್ಲ ಬರುತ್ತದೆ. ಹಸನೈನನ ಹತ್ತಿರ ಹೋಗಬೇಡ. ಹೋದರೆ ಮತ್ತೆ ಅದೇ ಗುಳಿಗೆ ಕೊಡುತ್ತಾನೆ, ಮತ್ತೆ ಅದೇ ಮುಖ. ಹದಿನೆಂಟಕ್ಕೆ ಹಾಜ್ಜಾ ಬಖೀತಾ ಬರುವಾಗ ಕಿಟಕಿ ತೆರೆದಿಡು. ಬೆಳಕಿನಲ್ಲಿ ನೋಡಲಿ.

ಹತ್ತೊಂಬತ್ತರ ಬಸ್ಸಿಗೆ ನಾನೇ ಬರುತ್ತೇನೆ. ನಿಮ್ಮಮ್ಮನ ಹಳದಿ ತೋಬ್ ತರುತ್ತಿದ್ದೇನೆ. ಬಿಸಿಲಿಗೆ ಹಾಕಿದ್ದೇನೆ, ಬಣ್ಣ ಇನ್ನೂ ಇದೆ.

ನಿನ್ನ ಅಪ್ಪ


ಉಮ್ದುರ್ಮಾನ್
2 ಜನವರಿ 1998

ತಾಜುಲ್ಸಿರನಿಗೆ,

ಸಾವಿನ ಮನೆಯಲ್ಲಿ ಮೂರು ದಿನ ನೀನು ಗಂಡಸರ ಚಪ್ಪರದಲ್ಲಿ ಕೂತಿದ್ದೆ, ನಾನು ಹೆಂಗಸರ ಕಡೆ. ಪರದೆಯಾಚೆಯಿಂದ ಎರಡು ಸಲ "ಹೇಗಾಯ್ತು ಅತ್ತಿಗೆ" ಎಂದು ಕೇಳಿದೆ. ಈಗ ಬರೆಯುತ್ತೇನೆ.

ಹದಿನೇಳಕ್ಕೆ ಜ್ವರ ಏರಿತು. ನಿನ್ನ ಪತ್ರ ಅದೇ ಮಧ್ಯಾಹ್ನ ಬಂತು. ಹಸನೈನ್ ಅವರನ್ನು ಕರೆಸುತ್ತೇನೆ ಎಂದರೆ ಅವಳು ಪತ್ರ ಎತ್ತಿ ತೋರಿಸಿದಳು. "ನಾಳೆ ಅತ್ತೆ ನೋಡಿ ಹೋಗ್ಲಿ ದೊಡ್ಡಮ್ಮ, ಆಮೇಲೆ ಕರ್ಸು" ಎಂದಳು. ಬೆಳಿಗ್ಗೆ ತಾನೇ ಕಿಟಕಿ ತೆರೆಯಲು ಎದ್ದವಳು ಅಲ್ಲೇ ಕುಸಿದಳು. ಮೈ ಮಂಜಿನ ಹಾಗೆ. ಆಸ್ಪತ್ರೆಯವರು ನಾಡಿ ಸಿಗುತ್ತಿಲ್ಲ ಎಂದರು. ಏನು ನುಂಗುತ್ತಿದ್ದಳು, ಯಾವಾಗ ನಿಲ್ಲಿಸಿದಳು ಎಂದು ಕೇಳಿದರು. ಹೇಳಿದೆ. ಹದಿನೈದು ದಿನ ಮುಂಚೆ ಹೇಳಬೇಕಿತ್ತು ಎಂದರು. ಇಳಿಹೊತ್ತಿನ ಅಸ್ರ್ ನಮಾಜಿಗೆ ಮುಂಚೆ ಮುಗಿಯಿತು. ನಿನಗೆ ತಂತಿ ಕೊಟ್ಟೆ. ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಬೇಕಿತ್ತು, ಕಾಯಲಿಲ್ಲ.

ಮೈ ತೊಳೆದದ್ದು ನಾನು. ಹಾಜ್ಜಾ ಬಖೀತಾ ಮುಖ ನೋಡಲು ಬಂದವಳು ನೀರು ಎರೆದಳು. ಎದೆಯ ಮೇಲೆ, ಬೆನ್ನಿನ ಮೇಲೆ, ಹಣೆಯ ಮೇಲೆ, ಎಲ್ಲಿಯೂ ಒಂದು ಮೊಡವೆ ಇರಲಿಲ್ಲ. ಬಖೀತಾ ಬಹಳ ಹೊತ್ತು ಕೆನ್ನೆ ಸವರಿದಳು. "ಎಷ್ಟು ತಿಳಿಯಾಗಿದೆ ನೋಡು" ಎಂದಳು. ನೀನು ಕೇಳಿದ ಮುಖ ನಿನಗೆ ಸಿಕ್ಕಿತು.

ಗುಳಿಗೆ ತಂದವಳು ನಾನು. ನನ್ನ ಪಾಲು ನನಗಿರಲಿ, ಅದನ್ನು ನಿನ್ನ ಮೇಲೆ ಹಾಕುವುದಿಲ್ಲ.

ಸಿತ್ತನಾ


ಅತ್ಬರಾ
11 ಜನವರಿ 1998

ಅತ್ತಿಗೆ,

ಉಪವಾಸದ ತಿಂಗಳು. ಈ ಮನೆಯಲ್ಲಿ ಹಗಲು ತಿನ್ನುವುದು ಮೇಕೆಯೊಂದೇ.

ಪೆಟ್ಟಿಗೆಯ ತಳದಲ್ಲಿ ಕಾಲೇಜಿನ ನೋಟುಪುಸ್ತಕ ಸಿಕ್ಕಿತು. ಕೆಂಪು ಹಸುವಿನ ಪುಟ ಇದೆ, ನನ್ನದೇ ಅಕ್ಷರ, ಆಗ ದುಂಡಗಿತ್ತು. ಇಂಗ್ಲಿಷಿನಲ್ಲಿ ಬರೆದಿದ್ದೇನೆ, ಹಸಿವು ಹೆಚ್ಚುತ್ತದೆ, ಮೈ ಊದುತ್ತದೆ, ಮನುಷ್ಯರಲ್ಲಿ ಚರ್ಮದ ಮೇಲೆ ಗುಳ್ಳೆ ಏಳಬಹುದು ಎಂದಿದೆ. ಅದರ ಕೆಳಗೆ "ನಿಲ್ಲಿಸುವಾಗ" ಎಂದು ಶುರುಮಾಡಿದ್ದೇನೆ. ಸಾಲು ಅಲ್ಲಿಗೇ ನಿಂತಿದೆ. ಪಕ್ಕದಲ್ಲಿ ತೋಬ್ ಹೊದ್ದ ಹೆಂಗಸಿನ ಚಿತ್ರ. ಅಂಚನ್ನು ಹಲ್ಲಿನಲ್ಲಿ ಕಚ್ಚಿದ್ದಾಳೆ.

ಆ ಪುಟ ಹರಿದು ಇದರೊಳಗೆ ಇಟ್ಟಿದ್ದೇನೆ. ನಿಮ್ಮ ಬೀದಿಯ ಹಸನೈನ್ ಅವರಿಗೆ ನನ್ನ ಸಲಾಂ ತಿಳಿಸಿ. ಆ ಸಾಲನ್ನು ಪೂರ್ತಿ ಮಾಡಿಕೊಡಲು ಹೇಳಿ. ಒಂದೇ ಸಾಲು. ನನಗೆ ಅದು ಪೂರ್ತಿಯಾಗಿ ಇರಬೇಕು.

ತಾಜುಲ್ಸಿರ್


ಉಮ್ದುರ್ಮಾನ್
19 ಜನವರಿ 1998

ತಾಜುಲ್ಸಿರನಿಗೆ,

ಪುಟ ವಾಪಸು ಕಳಿಸಿದ್ದೇನೆ. ಹಸನೈನ್ ಅದನ್ನು ಎರಡೂ ಬದಿ ತಿರುಗಿಸಿ ನೋಡಿದರು, ಬರೆಯಲಿಲ್ಲ. ಒಮ್ಮೆ ಚೀಟಿ ಬರೆದುಕೊಟ್ಟಿದ್ದೇನೆ, ಅದು ಅವರ ಮನೆಯಲ್ಲೇ ಇರಬೇಕು ಎಂದರು.

ಸಿತ್ತನಾ